ಅತ್ತೆ, ಎನ್ ತಿರುಗಿದೆ

ಹುಬ್ಬಳ್ಳಿ ಅತ್ತೆ: (ಫೋಟೊ) ಅವ್ವನ ಟ್ರಂಕಿನ ತಳದಲ್ಲಿ ಸಿಕ್ಕಿತು. ಕಸೂತಿ ಕಲಿಯುವಾಗ ಹಾಕಿದ ಮಾದರಿ ಬಟ್ಟೆ. ತುಳಸಿಕಟ್ಟೆ, ಗೋಪುರ, ಆನೆ, ಪಲ್ಲಕ್ಕಿ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಎ, ಎನ್. ಅವ್ವನ ಹೆಸರು, ನಮ್ಮ ಮನೆತನ. ಫ್ರೇಮ್ ಹಾಕಿಸುತ್ತೇನೆ.

ಧಾರವಾಡ ಮಾಮಾ: ಅಕ್ಕ, ಇದೇ ತುಳಸಿಕಟ್ಟೆ ನಮ್ಮ ಮನೆಯ ಕೂಸಿನ ಕುಂಚಿಗೆ ಟೋಪಿ ಮೇಲೂ ಇದೆ. ಅದು ಅಜ್ಜಿ, ನಿನ್ನ ಅವ್ವನ ತಾಯಿ, ಹಾಕಿದ್ದು. ಈ ಬಟ್ಟೆನೂ ಅವಳದ್ದೇ.

ಹುಬ್ಬಳ್ಳಿ ಅತ್ತೆ: ಧಾರವಾಡದಲ್ಲಿ ಯಾರು ತುಳಸಿಕಟ್ಟೆ ಹಾಕಿಲ್ಲ? ಅಜ್ಜಿ ಒಬ್ಬಳೇ ಕಂಡುಹಿಡಿದಳಾ? ಅಕ್ಷರ ನೋಡು.

ಗದಗ ಕಾಕಾ: ಕನ್ನಡ ಬಿಟ್ಟು ಇಂಗ್ಲಿಷ್ ಯಾಕೆ ಹಾಕಿದ್ದಾರೆ?

ನಾನು: ಕಾಕಾ, ಕಸೂತಿಯಲ್ಲಿ ಗೀರಿಕೊಂಡು ಹೊಲಿಯುವುದಿಲ್ಲ, ಎಳೆ ಎಣಿಸಬೇಕು. ನೇರ ಗೆರೆ, ಓರೆ ಗೆರೆ ಸುಲಭ. ನಮ್ಮ ಗುಂಡು ಅಕ್ಷರ ಎಣಿಸುತ್ತಾ ಕೂತರೆ ಕಣ್ಣು ಹೋಗುತ್ತದೆ.

ನಾನು: ಆದರೆ ಅತ್ತೆ, ಫೋಟೊ ದೊಡ್ಡದು ಮಾಡಿ ನೋಡಿ. ಎನ್ ತಿರುಗಿದೆ.

ಹುಬ್ಬಳ್ಳಿ ಅತ್ತೆ: ಕಲಿಯುವ ಹುಡುಗಿ, ತಪ್ಪಿರುತ್ತದೆ.

ನಾನು: ತಪ್ಪಲ್ಲ. ನೀವು ಹಿಂಭಾಗದ ಫೋಟೊ ತೆಗೆದಿದ್ದೀರಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಕಡೆ ಒಂದೇ ಥರ ಕಾಣುತ್ತವೆ, ಗಂಟು ಕೂಡ ಇರುವುದಿಲ್ಲ. ಮೆಂತಿ ಹೊಲಿಗೆ ಹಾಗಲ್ಲ, ಮುಂದೆ ಮಾತ್ರ ಗುಣಿಸು ಚಿಹ್ನೆ ಬರುತ್ತದೆ. ಕೆಳಗಿನ ಸಾಲು ನೋಡಿ, ಬರೀ ಸಣ್ಣ ಕಡ್ಡಿಗಳು. ತಿರುಗಿಸಿ ಇನ್ನೊಂದು ಫೋಟೊ ಹಾಕಿ.

(ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅತ್ತೆ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸುತ್ತಲೇ ಇತ್ತು.)

ಹುಬ್ಬಳ್ಳಿ ಅತ್ತೆ: (ಫೋಟೊ)

ಗದಗ ಕಾಕಾ: ಎನ್, ಎ!

ಧಾರವಾಡ ಮಾಮಾ: ಎನ್ ಅಜ್ಜಿಯ ಹೆಸರು. ಎ ನಮ್ಮ ಮನೆತನ. ಹೇಳಿದೆನಲ್ಲ!

ಬಾಸ್ಟನ್ ಅಕ್ಕ: ಸ್ವಲ್ಪ ತಾಳು ಮಾಮಾ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಜೇನ್ ಬೋಸ್ಟಾಕ್ 1598ರಲ್ಲಿ ಹಾಕಿದ ಇಂಥದೇ ಮಾದರಿ ಬಟ್ಟೆ ಇದೆ. ಅದರಲ್ಲಿ ಅವಳ ಹೆಸರಿನ ಜೊತೆ ಆಲಿಸ್ ಲೀ ಅನ್ನೋ ಮಗು 1596ರಲ್ಲಿ ಹುಟ್ಟಿದ್ದನ್ನೂ ಹೊಲಿದಿದ್ದಾಳೆ. ಬಟ್ಟೆ ಮೇಲೆ ಹೆಸರಿದ್ದವರೆಲ್ಲ ಸೂಜಿ ಹಿಡಿದವರಲ್ಲ. ತಾಯಿ ಹೆಸರನ್ನು ಮಗಳೇ ಹಾಕಿರಬಹುದು.

ಹುಬ್ಬಳ್ಳಿ ಅತ್ತೆ: ಶಭಾಷ್ ಮಗಳೇ! ಅವ್ವನೇ ಹಾಕಿದ್ದು.

ಧಾರವಾಡ ಮಾಮಾ: ಹಾಗಾದರೆ ಆನೆಯ ಕಾಲು ನೋಡು ಅಕ್ಕ. ಎಡಗಡೆ ಆನೆಗೆ ನಾಲ್ಕೂ ಕಾಲು ಸರಿ. ಬಲಗಡೆಯದ್ದಕ್ಕೆ ಒಂದು ಕಾಲು ಎರಡು ಎಳೆ ಗಿಡ್ಡ. ಎರಡು ಕೈ ಇದೆ ಇದರಲ್ಲಿ. ಅಜ್ಜಿ ಹಾಕಿ ತೋರಿಸಿದ್ದಾಳೆ, ನಿನ್ನ ಅವ್ವ ನೋಡಿ ಹಾಕಿದ್ದಾಳೆ.

ಗದಗ ಕಾಕಾ: ಕುಂಟ ಆನೆ ಹುಬ್ಬಳ್ಳಿಗೆ, ನೆಟ್ಟಗಿರೋದು ಧಾರವಾಡಕ್ಕೆ. ಕತ್ತರಿ ತನ್ನಿ.

ನಾನು: ಸುಮ್ನಿರಿ ಕಾಕಾ! ಅತ್ತೆ, ಫ್ರೇಮ್ ಅಂಗಡಿಯವರು ಹಲಗೆಗೆ ಅಂಟಿಸಿಬಿಡುತ್ತಾರೆ, ಒಂದು ಮುಖ ಶಾಶ್ವತವಾಗಿ ಹೋಗುತ್ತದೆ. ಬಿಸಿಲು ಬಿದ್ದರೆ ರೇಷ್ಮೆಯ ಬಣ್ಣವೂ ಹೋಗುತ್ತದೆ. ಸದ್ಯಕ್ಕೆ ಹಳೆ ಬಿಳಿ ಪಂಚೆಯಲ್ಲಿ ಸುರುಳಿ ಸುತ್ತಿಡಿ. ಮಡಚಬೇಡಿ.

ಧಾರವಾಡ ಮಾಮಾ: ನಾಳೆ ಬಂದು ತಗೊಂಡು ಹೋಗಲಾ?

ಹುಬ್ಬಳ್ಳಿ ಅತ್ತೆ: ಕೊಡಲ್ಲ. ನನಗೂ ಅವಳು ಅಜ್ಜಿ ಅಲ್ವಾ? ನೋಡಲಿಕ್ಕೆ ಬಾ. ಬರುವಾಗ ಆ ಕುಂಚಿಗೆ ತಾ, ಪಕ್ಕಕ್ಕಿಟ್ಟು ಎಳೆ ಎಣಿಸೋಣ.