‘ಫ್ಲೈವೀಲಿನಿಂದ ವಿದ್ಯುತ್ ಉತ್ಪಾದನೆ’ ಎಂಬ ಪದಪ್ರಯೋಗ ಸರಿಯೇ?

ಮಾನ್ಯರೇ,

ನಮ್ಮ ಜಮಖಂಡಿ, ಮುಧೋಳ ಭಾಗದಲ್ಲಿ ಕಬ್ಬಿನ ಗಾಣಕ್ಕೂ ಹಿಟ್ಟಿನ ಗಿರಣಿಗೂ ಕೂಡಿಸುತ್ತಿದ್ದ ಡೀಸೆಲ್ ಎಂಜಿನ್ನಿನ ಭಾರವಾದ ಬೀಡುಕಬ್ಬಿಣದ ಚಕ್ರವನ್ನು ಜನ ಫ್ಲೈವೀಲ್ ಎಂದೇ ಕರೆಯುತ್ತ ಬಂದಿದ್ದಾರೆ. ಆ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಚಕ್ರಕ್ಕೆ ಅಯಸ್ಕಾಂತದ ಜನರೇಟರ್ ಜೋಡಿಸಿದ ಮಾದರಿಗಳನ್ನು ವಿವರಿಸುವಾಗ ಬಳಸುವ ‘ವಿದ್ಯುತ್ ಉತ್ಪಾದನೆ’ ಎಂಬ ಮಾತನ್ನು, ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕಿರುಪಠ್ಯ ಬರೆಯುತ್ತಿರುವ ನನಗೆ ಹಾಗೆಯೇ ಒಪ್ಪಿಕೊಳ್ಳಲು ಆಗುತ್ತಿಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿನ ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಸಿಲಿಂಡರಿನೊಳಗೆ ಇಂಧನ ಉರಿದು ಪಿಸ್ಟನ್ನನ್ನು ತಳ್ಳುವುದು ಒಮ್ಮೆ ಮಾತ್ರ. ಉಳಿದ ಹೊತ್ತು ಗಾಣ ತಡವರಿಸದಂತೆ ನಡೆಸುವುದು ಚಕ್ರ ಹಿಡಿದಿಟ್ಟುಕೊಂಡ ಚಲನಶಕ್ತಿ. ಆ ಶಕ್ತಿಗೆ ಅಳತೆಯಿದೆ. 100 ಕಿ.ಗ್ರಾಂ ತೂಕದ, 30 ಸೆಂ.ಮೀ. ತ್ರಿಜ್ಯದ ಗಟ್ಟಿ ಚಕ್ರವೊಂದು ನಿಮಿಷಕ್ಕೆ 1500 ಸುತ್ತಿನಂತೆ ತಿರುಗುತ್ತಿದ್ದರೆ ಅದರಲ್ಲಿರುವುದು ಸುಮಾರು 55 ಕಿಲೋಜೂಲ್, ಅಂದರೆ 15 ವ್ಯಾಟ್-ಗಂಟೆ. ಮನೆಯ ಮೀಟರಿನ ಒಂದು ಯೂನಿಟ್ಟಿಗೆ, ಅಂದರೆ 1000 ವ್ಯಾಟ್-ಗಂಟೆಗೆ, ಇಂಥ ಸುಮಾರು 65 ಚಕ್ರಗಳು ಬೇಕು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುವುದು ನಿಜವೇ, ಆದರೆ ಆ ವೇಗವನ್ನೂ ಹೊರಗಿನ ಎಂಜಿನ್ನೋ ಮೋಟರೋ ಕೊಡಬೇಕು. ವಿಜ್ಞಾನಿ ಫ್ಯಾರಡೆ 1831ರಲ್ಲಿ ತೋರಿಸಿದಂತೆ ತಂತಿಸುರುಳಿಯ ಎದುರು ಅಯಸ್ಕಾಂತ ಚಲಿಸಿದಾಗ ವಿದ್ಯುತ್ ಹುಟ್ಟುತ್ತದೆ. ಬಲ್ಬಿನ ಸ್ವಿಚ್ ಹಾಕಿದೊಡನೆ ಆ ಪ್ರವಾಹವೇ ಅಯಸ್ಕಾಂತಕ್ಕೆ ಎದುರೊತ್ತು ಕೊಟ್ಟು ಚಕ್ರದ ವೇಗವನ್ನು ತಗ್ಗಿಸುತ್ತ ಹೋಗುತ್ತದೆ.

ಕಟ್ಟುನಿಟ್ಟಾಗಿ ನೋಡಿದರೆ ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುದಾಗಾರದಲ್ಲಿ ನಡೆಯುವುದೂ ಶಕ್ತಿಯ ರೂಪಾಂತರವೇ ಎಂದು ಯಾರಾದರೂ ಹೇಳಬಹುದು. ಆದರೆ ಅಲ್ಲಿ ಕೃಷ್ಣೆಯ ನೀರು ತಾನಾಗಿ ಬರುತ್ತದೆ, ಅದನ್ನು ಮೇಲಕ್ಕೆ ಎತ್ತಿಟ್ಟವರು ನಾವಲ್ಲ. ಹಾಗಾಗಿ ‘ಉತ್ಪಾದನೆ’ ಸಲ್ಲುತ್ತದೆ. ಫ್ಲೈವೀಲಿನಿಂದ ಬರುವುದು ನಾವೇ ತುಂಬಿದ್ದು, ಅದೂ ಘರ್ಷಣೆಯಲ್ಲಿ ಸ್ವಲ್ಪ ಕಳೆದುಕೊಂಡು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೀಫನ್‌ಟೌನ್‌ನಲ್ಲಿರುವ 20 ಮೆಗಾವ್ಯಾಟಿನ ಫ್ಲೈವೀಲ್ ಸ್ಥಾವರವೂ ಗ್ರಿಡ್ಡಿನಿಂದ (ವಿದ್ಯುತ್ ಜಾಲದಿಂದ) ಪಡೆದದ್ದನ್ನು ಗ್ರಿಡ್ಡಿಗೇ ಮರಳಿಸಿ ಅದರ ಫ್ರೀಕ್ವೆನ್ಸಿಯನ್ನು (ಸೆಕೆಂಡಿಗೆ ಪ್ರವಾಹದ ಆವರ್ತನೆಗಳ ಸಂಖ್ಯೆಯನ್ನು) ಹದದಲ್ಲಿಡಲೆಂದು ಕಟ್ಟಿದ್ದು. ‘ಉತ್ಪಾದನೆ’ ಎಂದು ಓದಿದ ಹುಡುಗ, ಒಮ್ಮೆ ತಿರುಗಿಸಿಬಿಟ್ಟರೆ ಚಕ್ರ ಕೊನೆಯಿಲ್ಲದೆ ವಿದ್ಯುತ್ ಕೊಡುತ್ತದೆಂದು ನಂಬಿದರೆ ತಪ್ಪು ಅವನದಲ್ಲ.

ವಾಕ್ಯದೊಳಗೆ ‘ಶಕ್ತಿಯನ್ನು ಕೂಡಿಟ್ಟು ವಿದ್ಯುತ್ತಾಗಿ ಮರಳಿ ಪಡೆಯುವುದು’ ಎಂದು ಬರೆಯುತ್ತಿದ್ದೇನೆ. ಅಧ್ಯಾಯದ ತಲೆಬರಹಕ್ಕೆ ಒಂದೇ ನಾಮಪದ ಬೇಕಾಗಿದೆ. ‘ಮರುಪಡೆತ’ ಎಂದರೆ ವರ್ಕ್‌ಶಾಪಿನಲ್ಲಿ ದುಡಿಯುವವರಿಗೂ ತಿಳಿದೀತೇ, ಅಥವಾ ಇದಕ್ಕಿಂತ ಬಳಕೆಗೆ ಹತ್ತಿರವಾದ ಪದ ನಿಮ್ಮಲ್ಲಿದೆಯೇ?