ಎಎಂಡಿ ಎಸ್‌ಎನ್‌ಪಿ ಹೋಸ್ಟ್: ಆರ್‌ಎಂಪಿ ಟೇಬಲ್‌ಗೆ ಮೀಸಲಿಟ್ಟ ಮೆಮೊರಿ ಸಾಲುತ್ತಿಲ್ಲ ಎನ್ನುತ್ತಿದೆ ಕರ್ನಲ್

ಹಂಪನಕಟ್ಟೆ (ಪ್ರಶ್ನೆ)

ನಮಸ್ಕಾರ. ನಾಲ್ಕನೇ ತಲೆಮಾರಿನ ಎಎಂಡಿ ಎಪಿಕ್ ಪ್ರೊಸೆಸರ್ ಹಾಗೂ 512 ಜಿಬಿ ಮೆಮೊರಿ ಇರುವ ಒಂದು ಸರ್ವರನ್ನು ಕಾನ್ಫಿಡೆನ್ಶಿಯಲ್ ವಿಎಂಗಳ (ತಮ್ಮ ಮೆಮೊರಿಯನ್ನು ಹೋಸ್ಟ್‌ನಿಂದಲೂ ಕಾಪಾಡಿಕೊಳ್ಳುವ ವರ್ಚುವಲ್ ಯಂತ್ರಗಳ) ಹೋಸ್ಟ್ ಆಗಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋಸ್ಟ್‌ನಲ್ಲಿರುವುದು ಲಿನಕ್ಸ್ 6.12 ಮತ್ತು ವಿಎಂಗಳನ್ನು ಓಡಿಸುವ ಪ್ರೋಗ್ರಾಮ್ ಕ್ಯೂಇಎಂಯು 9.2. ಬಯಾಸ್‌ನಲ್ಲಿ ಮೆಮೊರಿ ಎನ್‌ಕ್ರಿಪ್ಷನ್, ಎಸ್‌ಇವಿ (ವಿಎಂ ಮೆಮೊರಿಯ ಎನ್‌ಕ್ರಿಪ್ಷನ್), ಎಸ್‌ಎನ್‌ಪಿ (ಅದರ ಮೇಲಿನ ಹೆಚ್ಚುವರಿ ರಕ್ಷಣೆ) ಮೂರನ್ನೂ ಆನ್ ಮಾಡಿದ್ದೇನೆ. ಮೆಮೊರಿಯ ಪ್ರತಿ ತುಂಡು (ಪೇಜ್) ಯಾರದೆಂದು ದಾಖಲಿಸುವ ಆರ್‌ಎಂಪಿ ಟೇಬಲ್ ಎಷ್ಟು ಮೆಮೊರಿಯನ್ನು ಒಳಗೊಳ್ಳಬೇಕು ಎಂದು ಕೇಳುವಲ್ಲಿ ‘ಕಸ್ಟಮ್’ ಆರಿಸಿ, ಇರುವಷ್ಟನ್ನೇ, ಅಂದರೆ 524288 ಎಂಬಿ ಎಂದು ತುಂಬಿದ್ದೇನೆ.

ಆದರೂ ಬೂಟ್ ಆದೊಡನೆ ಕರ್ನಲ್ ಲಾಗ್‌ನಲ್ಲಿ, ಆರ್‌ಎಂಪಿ ಟೇಬಲ್‌ಗೆ ಮೀಸಲಾದ ಜಾಗವು ಸಿಸ್ಟಮ್‌ನ ಪೂರ್ತಿ ಮೆಮೊರಿಯನ್ನು ಒಳಗೊಳ್ಳುವುದಿಲ್ಲ ಎಂಬ ದೋಷದ ಸಾಲು ಕಾಣಿಸಿಕೊಳ್ಳುತ್ತದೆ. ಆಮೇಲೆ ಕೆವಿಎಂ (ವಿಎಂಗಳನ್ನು ನಡೆಸುವ ಕರ್ನಲ್ ಭಾಗ) ಎಸ್‌ಎನ್‌ಪಿ ಸೌಲಭ್ಯವೇ ಇಲ್ಲವೆನ್ನುತ್ತದೆ. ಆ ಸಾಲಿನಲ್ಲಿರುವ ಹೆಕ್ಸ್ ಸಂಖ್ಯೆಗಳನ್ನು ಬಿಡಿಸಿ ನೋಡಿದರೆ, ಬೇಕಾಗಿರುವುದು 2056 ಎಂಬಿಗಿಂತ ಚೂರು ಹೆಚ್ಚು, ಸಿಕ್ಕಿರುವುದು 2049 ಎಂಬಿ. ಪ್ರತಿ 4 ಕೆಬಿ ಪೇಜ್‌ಗೆ 16 ಬೈಟ್ ಎಂದು ಲೆಕ್ಕ ಹಾಕಿದರೆ 512 ಜಿಬಿಗೆ 2048 ಎಂಬಿ ಸಾಕಾಗಬೇಕಿತ್ತು. ಉಳಿದ 8 ಎಂಬಿ ಎಲ್ಲಿಂದ ಬಂತು? ಇನ್ನೊಂದು ಮಾತು: ಕರ್ನಲ್‌ನ ಕೈಯಲ್ಲಿ ಅಷ್ಟೊಂದು ಮೆಮೊರಿ ಖಾಲಿ ಇರುವಾಗ, ಈ ಟೇಬಲ್‌ಗೆ ಬೇಕಾದ ಜಾಗವನ್ನು ಅದೇ ಏಕೆ ತೆಗೆದುಕೊಳ್ಳಬಾರದು?

ಪುಟಲೆಕ್ಕ

ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ ಕರ್ನಲ್ ಎಣಿಸುವುದು ಅತಿ ಮೇಲಿನ ಭೌತಿಕ ವಿಳಾಸದವರೆಗೆ. 4 ಜಿಬಿ ಗಡಿಯ ಕೆಳಗೆ ಪಿಸಿಐ ಸಾಧನಗಳಿಗಾಗಿ ವಿಳಾಸಗಳ ಒಂದು ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ಕೂರಬೇಕಿದ್ದ ಮೆಮೊರಿಯನ್ನು ಮೇಲಕ್ಕೆ ಸರಿಸಲಾಗುತ್ತದೆ. ನಿಮ್ಮ ಯಂತ್ರದಲ್ಲಿ ಆ ಜಾಗ 2 ಜಿಬಿ ಇದ್ದಂತಿದೆ. ಹಾಗಾಗಿ 512 ಜಿಬಿ ಮೆಮೊರಿಯು 514 ಜಿಬಿ ವಿಳಾಸದಲ್ಲಿ ಮುಗಿಯುತ್ತದೆ. ಒಂದು ಜಿಬಿಗೆ 4 ಎಂಬಿ ಟೇಬಲ್ ಬೇಕು, ಆದ್ದರಿಂದ 2 ಜಿಬಿಗೆ 8 ಎಂಬಿ. ‘ಚೂರು ಹೆಚ್ಚು’ ಎಂದಿರಲ್ಲ, ಅದು ಟೇಬಲ್‌ನ ಆರಂಭದಲ್ಲಿ ಪ್ರೊಸೆಸರ್ ತನ್ನ ಸ್ವಂತ ಲೆಕ್ಕಕ್ಕೆ ಇಟ್ಟುಕೊಳ್ಳುವ 16 ಕೆಬಿ. ಟೇಬಲ್ ಕುಳಿತಿರುವ ಜಾಗವೂ ಟೇಬಲ್‌ನ ವ್ಯಾಪ್ತಿಯೊಳಗೇ ಬರಬೇಕು. ಬಯಾಸ್ ಅದನ್ನು ಮೆಮೊರಿಯ ತುತ್ತತುದಿಯಲ್ಲಿ ಇಟ್ಟಿದ್ದರೆ ಕರ್ನಲ್ ಆ ತುದಿಯವರೆಗೂ ಎಣಿಸುತ್ತದೆ. ‘ಕಸ್ಟಮ್’ ಬಿಟ್ಟು, ಪೂರ್ತಿ ಮೆಮೊರಿಯನ್ನು ಒಳಗೊಳ್ಳುವ ಆಯ್ಕೆಯನ್ನು ಆರಿಸಿಕೊಳ್ಳಿ. ಅದರ ಹೆಸರು ಬೋರ್ಡ್‌ನಿಂದ ಬೋರ್ಡ್‌ಗೆ ಬದಲಾಗಬಹುದು.

ಆರ್‌ಎಂಪಿಯನ್ನು ಭೌತಿಕ ಮೆಮೊರಿಯ ಪಹಣಿ ಎಂದುಕೊಳ್ಳಬಹುದು. ಒಂದೊಂದು ಪೇಜ್ ಯಾರ ಹೆಸರಿನಲ್ಲಿದೆ, ಅಂದರೆ ಹೋಸ್ಟ್‌ನದೋ, ಫರ್ಮ್‌ವೇರ್‌ನದೋ, ಇಂಥ ಎಎಸ್‌ಐಡಿ (ಗುರುತು ಸಂಖ್ಯೆ) ಇರುವ ಗೆಸ್ಟ್‌ನದೋ (ವಿಎಂನದೋ) ಎಂಬುದು ಅಲ್ಲಿರುತ್ತದೆ. ಗೆಸ್ಟ್‌ನದಾದರೆ ಅದರ ಯಾವ ವಿಳಾಸಕ್ಕೆ ಸೇರಿದ್ದು, ಗೆಸ್ಟ್ ಅದನ್ನು ಪಿವ್ಯಾಲಿಡೇಟ್ ಸೂಚನೆಯ ಮೂಲಕ ಒಪ್ಪಿಕೊಂಡಿದೆಯೇ ಎಂಬುದೂ ಇರುತ್ತದೆ. ಹಳೆಯ ಎಸ್‌ಇವಿಯಲ್ಲಿ ಎನ್‌ಕ್ರಿಪ್ಷನ್ ಮಾತ್ರ ಇತ್ತು, ಈ ಟೇಬಲ್ ಇರಲಿಲ್ಲ. ಗೆಸ್ಟ್‌ನ ಪೇಜ್‌ಗಳನ್ನು ನೆಸ್ಟೆಡ್ ಪೇಜ್ ಟೇಬಲ್‌ನಲ್ಲಿ (ಗೆಸ್ಟ್‌ನ ವಿಳಾಸಗಳನ್ನು ಭೌತಿಕ ವಿಳಾಸಗಳಿಗೆ ಜೋಡಿಸುವ, ಹೋಸ್ಟ್‌ನ ಕೈಯಲ್ಲಿರುವ ಟೇಬಲ್‌ನಲ್ಲಿ) ಅದಲುಬದಲು ಮಾಡಿ, ಗೆಸ್ಟ್‌ನೊಳಗಿನ ವೆಬ್ ಸರ್ವರ್‌ನಿಂದಲೇ ಗುಟ್ಟುಗಳನ್ನು ಹೊರಗೆಳೆಯಬಹುದೆಂದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು 2018ರಲ್ಲಿ ‘ಸಿವಿಯರ್ಡ್’ ಎಂಬ ದಾಳಿಯ ಮೂಲಕ ತೋರಿಸಿದರು. ಎಸ್‌ಎನ್‌ಪಿ ಮುಚ್ಚಿದ್ದು ಇಂಥ ಕಂಡಿಯನ್ನೇ.

ಎರಡನೆಯ ಪ್ರಶ್ನೆಗೆ ಉತ್ತರ ಬೂಟ್‌ನ ಅನುಕ್ರಮದಲ್ಲಿದೆ. ಬಯಾಸ್ ಒಂದೇ ಅಖಂಡ ತುಂಡನ್ನು ಮೀಸಲಿಟ್ಟು, ಅದರ ಮೊದಲ ಮತ್ತು ಕೊನೆಯ ವಿಳಾಸಗಳನ್ನು ಎರಡು ಎಂಎಸ್‌ಆರ್‌ಗಳಲ್ಲಿ (ಪ್ರೊಸೆಸರ್‌ನ ವಿಶೇಷ ರಿಜಿಸ್ಟರ್‌ಗಳಲ್ಲಿ) ಬರೆದಿಟ್ಟಿರುತ್ತದೆ. ಕರ್ನಲ್ ಏಳುವಾಗ ಅವನ್ನು ಓದಿ, ನೀವು ಕಂಡ ಆ ತಪಾಸಣೆಯನ್ನು ಮಾಡಿ, ಟೇಬಲನ್ನು ಸೊನ್ನೆಗಳಿಂದ ತುಂಬಿ, ಪ್ರತಿಯೊಂದು ಸಿಪಿಯುನಲ್ಲೂ ಎಸ್‌ಎನ್‌ಪಿ ಬಿಟ್ ಏರಿಸುತ್ತದೆ. ಅದಾದ ಮೇಲೆ ಸಿಸಿಪಿ ಡ್ರೈವರ್, ಎಎಂಡಿ ಚಿಪ್‌ನೊಳಗಿನ ಪ್ರತ್ಯೇಕ ಭದ್ರತಾ ಘಟಕವಾದ ಸೆಕ್ಯೂರ್ ಪ್ರೊಸೆಸರ್‌ಗೆ ಪ್ರಾರಂಭದ ಆದೇಶವನ್ನು ಕಳಿಸುತ್ತದೆ. ಬಿಟ್ ಏರಿದ ಕ್ಷಣದಿಂದ ಹೋಸ್ಟ್ ಮಾಡುವ ಪ್ರತಿಯೊಂದು ಬರಹವೂ ಈ ಟೇಬಲ್‌ನ ಮೂಲಕವೇ ಹಾದು ಹೋಗಬೇಕಾಗುತ್ತದೆ. ವ್ಯಾಪ್ತಿಯ ಹೊರಗೆ ಒಂದಿಷ್ಟು ಮೆಮೊರಿ ಉಳಿದರೆ, ಪೇಜ್ ಅಲೊಕೇಟರ್ ಯಾವ ಪೇಜನ್ನು ಗೆಸ್ಟ್‌ಗೆ ಕೊಡಬಹುದು, ಯಾವುದನ್ನು ಕೊಡಬಾರದು ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ಆ ತಲೆನೋವೇ ಬೇಡವೆಂದು ಕರ್ನಲ್ ಎಸ್‌ಎನ್‌ಪಿಯನ್ನು ಪೂರ್ತಿಯಾಗಿ ಕೈಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರ.

ಹೀಗೆಯೇ ಕಾಣುವ ಇನ್ನೊಂದು ತೊಡಕಿದೆ. ಐಓಎಂಎಂಯು (ಸಾಧನಗಳು ಮೆಮೊರಿಯನ್ನು ಮುಟ್ಟುವುದನ್ನು ನಿಯಂತ್ರಿಸುವ ಘಟಕ) ಆಫ್ ಆಗಿದ್ದರೂ, ಪಾಸ್‌ಥ್ರೂ ಸ್ಥಿತಿಯಲ್ಲಿದ್ದರೂ ಎಸ್‌ಎನ್‌ಪಿ ಏಳುವುದಿಲ್ಲ. ಹಳೆಯ ಹೋಸ್ಟ್‌ನಿಂದ ಬೂಟ್ ಪ್ಯಾರಾಮೀಟರ್‌ಗಳನ್ನು ತಂದಿದ್ದರೆ ಅದನ್ನೂ ಒಮ್ಮೆ ನೋಡಿಕೊಳ್ಳಿ.

ಸಿಲಿಕಾನ್_ಸಂಜೆ

‘ಕರ್ನಲ್ಲೇ ಏಕೆ ತೆಗೆದುಕೊಳ್ಳಬಾರದು’ ಎಂಬ ಪ್ರಶ್ನೆಗೆ ಇಂಟೆಲ್ ಬೇರೆಯದೇ ಉತ್ತರ ಕೊಟ್ಟಿದೆ. ಎಸ್‌ಎನ್‌ಪಿಯಂಥದ್ದೇ ಆದ ಅದರ ಟಿಡಿಎಕ್ಸ್‌ನಲ್ಲಿ ಯಾವ ಮೆಮೊರಿಯನ್ನು ರಕ್ಷಿತ ಮೆಮೊರಿಯಾಗಿ ಬಳಸಬಹುದು ಎಂಬ ಪಟ್ಟಿಯಷ್ಟೇ ಕೆಳಗಿನಿಂದ, ಅಂದರೆ ಫರ್ಮ್‌ವೇರ್‌ನಿಂದ, ಬರುತ್ತದೆ. ಪೇಜ್‌ಗಳ ಲೆಕ್ಕ ಇಡುವ ಪಿಎಎಂಟಿ ಎಂಬ ಟೇಬಲ್‌ಗೆ ಜಾಗ ಹುಡುಕಿ ಟಿಡಿಎಕ್ಸ್ ಮಾಡ್ಯೂಲ್‌ಗೆ ಒಪ್ಪಿಸುವುದು ಕರ್ನಲ್‌ನ ಹೊಣೆ. ಇದರ ಖರ್ಚೂ ಹೆಚ್ಚುಕಡಿಮೆ ಅಷ್ಟೇ: ಒಟ್ಟು ಮೆಮೊರಿಯ 256ರಲ್ಲಿ ಒಂದು ಪಾಲು, ಅಂದರೆ 1 ಟಿಬಿಗೆ ಸುಮಾರು 4 ಜಿಬಿ. ಆದರೆ ಈ ಜಾಗವೂ ಭೌತಿಕವಾಗಿ ಅಖಂಡವಾಗಿರಬೇಕಾದ್ದರಿಂದ, ಬಹುಕಾಲ ಓಡಿ ಮೆಮೊರಿ ಚೂರುಚೂರಾಗಿರುವ ಹೋಸ್ಟ್‌ನಲ್ಲಿ ಕೆವಿಎಂ ಮಾಡ್ಯೂಲನ್ನು ತಡವಾಗಿ ಲೋಡ್ ಮಾಡಿದರೆ ಅಲೊಕೇಷನ್ ವಿಫಲವಾಗುವ ಸಂಭವವಿದೆ. ಹಾಗಾಗಿ ಬೂಟ್‌ನ ಮೊದಲ ಹಂತದಲ್ಲೇ ಲೋಡ್ ಮಾಡುವುದು ಒಳಿತು. ಪೇಜ್ ಅಲೊಕೇಟರ್ ಒಳಗಿನ ಎಲ್ಲ ಮೆಮೊರಿಯೂ ವ್ಯಾಪ್ತಿಯೊಳಗಿರಬೇಕೆಂಬ ನಿಯಮವನ್ನು ಅಲ್ಲೂ ಪಾಲಿಸುತ್ತಾರೆ. ಆ ಪಟ್ಟಿಗೆ ಸೇರದ ಮೆಮೊರಿಯನ್ನು ಆಮೇಲೆ ಹಾಟ್‌ಪ್ಲಗ್ ಮಾಡಲು (ಯಂತ್ರ ಓಡುತ್ತಿರುವಾಗಲೇ ಸೇರಿಸಲು) ಹೋದರೆ ಕರ್ನಲ್ ನಿರಾಕರಿಸುತ್ತದೆ.

ಟಿಡಿಎಕ್ಸ್ ಗೆಸ್ಟ್‌ಗಳನ್ನು ನಡೆಸುವ ಕೆವಿಎಂ ಬೆಂಬಲ ಮುಖ್ಯ ಕರ್ನಲ್‌ಗೆ ಬಂದದ್ದು 6.16ರಲ್ಲಿ. ಎಸ್‌ಎನ್‌ಪಿಯದು 6.11ರಲ್ಲೇ ಬಂದಿತ್ತು. ನಿಮ್ಮ 6.12 ಸಾಕು.

ಹಂಪನಕಟ್ಟೆ

ಇಬ್ಬರಿಗೂ ಧನ್ಯವಾದಗಳು. ಆಯ್ಕೆಯನ್ನು ಬದಲಿಸಿದ ಮೇಲೆ ಆ ದೋಷ ಹೋಯಿತು, ವಿಎಂ ಏಳುತ್ತಿದೆ. ಈಗ ಬೇರೊಂದು ಒಗಟು ಎದುರಾಗಿದೆ. 64 ಜಿಬಿಯ ಒಂದೇ ವಿಎಂ ಓಡಿಸಿ, ಅದರೊಳಗೆ ಡೇಟಾಬೇಸ್‌ಗೆ ಕೆಲಸ ಕೊಟ್ಟಾಗ, ಹೋಸ್ಟ್‌ನಲ್ಲಿ ಖಾಲಿ ಮೆಮೊರಿ ನಿಧಾನವಾಗಿ ಇಳಿಯುತ್ತಾ ಹೋಗಿ, ಕೊನೆಗೆ 128 ಜಿಬಿಗೆ ಹತ್ತಿರ ಖರ್ಚಾದಂತೆ ತೋರುತ್ತದೆ. ‘ಟಾಪ್’ನಲ್ಲಿ ಮಾತ್ರ ಕ್ಯೂಇಎಂಯು ಪ್ರೊಸೆಸ್‌ನ ಆರ್‌ಎಸ್‌ಎಸ್ (ಅದು ಬಳಸುತ್ತಿರುವ ಮೆಮೊರಿಯ ಲೆಕ್ಕ) ತೀರಾ ಕಡಿಮೆ ಇದೆ. ನಮ್ಮ ಸಾಮಾನ್ಯ ವಿಎಂಗಳಂತೆಯೇ ಇದಕ್ಕೂ 2 ಎಂಬಿ ಹ್ಯೂಜ್ ಪೇಜ್‌ಗಳ ಬ್ಯಾಕೆಂಡ್ ಕೊಟ್ಟು, ಪ್ರೀ-ಅಲೊಕೇಷನ್ (ಮೆಮೊರಿಯನ್ನು ಮೊದಲೇ ಹಿಡಿದಿಡುವುದು) ಆನ್ ಮಾಡಿದ್ದೇನೆ. ಎಲ್ಲಿ ಸೋರುತ್ತಿದೆ?

ಪುಟಲೆಕ್ಕ

ಸೋರುತ್ತಿಲ್ಲ, ಒಂದೇ ವಿಎಂಗೆ ಎರಡು ಕಡೆ ಜಾಗ ತೆಗೆದಿಡಲಾಗುತ್ತಿದೆ. ಕಾರಣ ನಿಮ್ಮ ಕೊನೆಯ ವಾಕ್ಯಕ್ಕಿಂತ ಮೊದಲಿನ ವಾಕ್ಯದಲ್ಲಿದೆ.

ಲಿನಕ್ಸ್ 6.8ರಿಂದ ಕಾನ್ಫಿಡೆನ್ಶಿಯಲ್ ವಿಎಂನ ಒಂದೊಂದು ಮೆಮೊರಿ ಸ್ಲಾಟ್‌ಗೂ ಎರಡು ಆಧಾರಗಳಿರುತ್ತವೆ. ಒಂದು, ಹಿಂದಿನಂತೆ ಕ್ಯೂಇಎಂಯುನ ವಿಳಾಸಗಳಲ್ಲಿ ಮ್ಯಾಪ್ ಆಗಿರುವ ಮೆಮೊರಿ. ಗೆಸ್ಟ್ ಹೋಸ್ಟ್‌ನೊಂದಿಗೆ ಹಂಚಿಕೊಳ್ಳುವ ಪೇಜ್‌ಗಳು ಇಲ್ಲಿಂದ ಬರುತ್ತವೆ. ಇನ್ನೊಂದು, ಗೆಸ್ಟ್-ಮೆಮ್‌ಎಫ್‌ಡಿ ಎಂಬ ಫೈಲ್. ಖಾಸಗಿ ಪೇಜ್‌ಗಳು ಬರುವುದು ಇದರಿಂದ. ನಿಮ್ಮ ಕರ್ನಲ್‌ನಲ್ಲಿ ಈ ಫೈಲನ್ನು ಯಾವ ಪ್ರೊಸೆಸ್ ಕೂಡ ಎಂಮ್ಯಾಪ್ ಮಾಡುವಂತಿಲ್ಲ (ತನ್ನ ವಿಳಾಸಗಳಿಗೆ ಜೋಡಿಸಿಕೊಳ್ಳುವಂತಿಲ್ಲ). ಅದು ಬೇಕೆಂದೇ ಮಾಡಿದ ಏರ್ಪಾಡು: ಮ್ಯಾಪಿಂಗ್ ಇಲ್ಲವೆಂದರೆ ಹೋಸ್ಟ್‌ನ ಯಾವುದೋ ಪ್ರೋಗ್ರಾಮ್ ಆಕಸ್ಮಿಕವಾಗಿ ಖಾಸಗಿ ಪೇಜ್‌ಗೆ ಬರೆಯಲು ಹೋಗಿ ಫಾಲ್ಟ್ ಎಬ್ಬಿಸುವ ದಾರಿಯೇ ಇಲ್ಲ. ಆರ್‌ಎಸ್‌ಎಸ್ ಎಣಿಸುವುದು ಮ್ಯಾಪ್ ಆದ ಪೇಜ್‌ಗಳನ್ನು ಮಾತ್ರ. ಹ್ಯೂಜ್ ಪೇಜ್‌ಗಳೂ ಅದರಲ್ಲಿ ಸೇರುವುದಿಲ್ಲವಾದ್ದರಿಂದ ‘ಟಾಪ್’ ನಿಮಗೆ ಎರಡನ್ನೂ ತೋರಿಸುತ್ತಿಲ್ಲ. ಖಾಸಗಿ ಮೆಮೊರಿಯ ನಿಜವಾದ ಅಂದಾಜು ಬೇಕಿದ್ದರೆ ವಿಎಂನ ಸಿಗ್ರೂಪ್ (ಕರ್ನಲ್ ಒಟ್ಟಾಗಿ ಲೆಕ್ಕವಿಡುವ ಪ್ರೊಸೆಸ್ ಗುಂಪು) ಮೆಮೊರಿ ಲೆಕ್ಕವನ್ನು ನೋಡಿ.

ಈಗ ನಿಮ್ಮ ಯಂತ್ರದಲ್ಲಿ ಏನಾಗುತ್ತಿದೆ ನೋಡೋಣ. ವಿಎಂ ಹುಟ್ಟುವಾಗ ಅದರ ಮೆಮೊರಿಯೆಲ್ಲ ಖಾಸಗಿ ಎಂದೇ ದಾಖಲಾಗುತ್ತದೆ, ಆದರೆ ಪ್ರೀ-ಅಲೊಕೇಷನ್‌ನ ಕಾರಣ ಹಂಚಿಕೆಯ ಕಡೆಯ 64 ಜಿಬಿ ಹ್ಯೂಜ್ ಪೇಜ್‌ಗಳು ಮೊದಲೇ ಹಿಡಿದುಕೊಂಡಿರುತ್ತವೆ. ಆಮೇಲೆ ಗೆಸ್ಟ್ ಮುಟ್ಟಿದಂತೆಲ್ಲ ಗೆಸ್ಟ್-ಮೆಮ್‌ಎಫ್‌ಡಿ ಕಡೆ ಪೇಜ್‌ಗಳು ಒಂದೊಂದಾಗಿ ಸೇರುತ್ತವೆ. ಗೆಸ್ಟ್ ಕರ್ನಲ್ 6.5 ಅಥವಾ ಅದಕ್ಕಿಂತ ಹೊಸದಾಗಿದ್ದರೆ, ಅದು ಬೂಟ್‌ನಲ್ಲೇ ಇಡೀ ಮೆಮೊರಿಯನ್ನು ಒಪ್ಪಿಕೊಳ್ಳದೆ ಬೇಕಾದಂತೆ ಒಪ್ಪಿಕೊಳ್ಳಬಲ್ಲದು. ನೀವು ಕಂಡ ನಿಧಾನದ ಇಳಿಕೆಗೆ ಇದು ಹೊಂದುತ್ತದೆ. ಪೇಜ್ ಹಂಚಿಕೆಯಿಂದ ಖಾಸಗಿಗೆ ತಿರುಗಿದಾಗ ಹಂಚಿಕೆಯ ಕಡೆಯ ಹಳೆಯ ಪೇಜನ್ನು ಕ್ಯೂಇಎಂಯು ಬಿಟ್ಟುಕೊಡುತ್ತದೆ ನಿಜ, ಆದರೆ ಹ್ಯೂಜ್ ಪೇಜ್ ಬ್ಯಾಕೆಂಡ್ ಇದ್ದರೆ ಅದು ಮುಂಗಡವಾಗಿ ಕಾಯ್ದಿರಿಸಿದ್ದೆಂದು ಭಾವಿಸಿ ಬಿಡುವುದಿಲ್ಲ.

ಬ್ಯಾಕೆಂಡನ್ನು ಸಾದಾ ಮೆಮ್‌ಎಫ್‌ಡಿಗೆ ಬದಲಿಸಿ, ಪ್ರೀ-ಅಲೊಕೇಷನ್ ತೆಗೆದುಬಿಡಿ. ಮೆಮೊರಿ ಲಾಕ್ ಮಾಡುವ ಆಯ್ಕೆಯಿದ್ದರೆ ಅದನ್ನೂ ತೆಗೆಯಿರಿ, ಏಕೆಂದರೆ ಲಾಕ್ ಮಾಡುವುದೆಂದರೆ ಹಂಚಿಕೆಯ ಕಡೆಯನ್ನು ಪೂರ್ತಿ ತುಂಬಿಸಿದಂತೆಯೇ. ಆಮೇಲೆ ಹಂಚಿಕೆಯ ಕಡೆ ಉಳಿಯುವುದು ಬಹುಪಾಲು ಗೆಸ್ಟ್‌ನ ಸ್ವಿಓಟಿಎಲ್‌ಬಿ ಬಫರ್ (ಸಾಧನಗಳೊಂದಿಗೆ ಡೇಟಾ ವಿನಿಮಯಕ್ಕೆ ಬಳಸುವ ಜಾಗ). ಎನ್‌ಕ್ರಿಪ್ಟ್ ಆದ ಗೆಸ್ಟ್‌ನಲ್ಲಿ ಅದು ಮೆಮೊರಿಯ ಶೇ. 6ರಷ್ಟು, ಆದರೆ 1 ಜಿಬಿಯ ಮಿತಿಯೊಳಗೆ. ನಿಮ್ಮ 64 ಜಿಬಿಗೆ ಶೇ. 6 ಎಂದರೆ 3.84 ಜಿಬಿ ಆಗುವುದರಿಂದ ಮಿತಿಯೇ ಅನ್ವಯಿಸಿ 1 ಜಿಬಿ ಆಗುತ್ತದೆ. ಹಾಗಾಗಿ ಒಟ್ಟು 65 ಜಿಬಿಯ ಆಸುಪಾಸು ಎಂದಿಟ್ಟುಕೊಳ್ಳಿ.

ಹಂಪನಕಟ್ಟೆ

ವಿವರಣೆ ಸ್ಪಷ್ಟವಾಯಿತು. ಹ್ಯೂಜ್ ಪೇಜ್‌ಗಳನ್ನು ಬಿಟ್ಟುಕೊಟ್ಟರೆ ಡೇಟಾಬೇಸ್‌ನ ವೇಗಕ್ಕೆ ಪೆಟ್ಟು ಬೀಳುವುದಿಲ್ಲವೇ?

ಪುಟಲೆಕ್ಕ

ಖಾಸಗಿ ಮೆಮೊರಿಗೆ ಆ ಹ್ಯೂಜ್ ಪೇಜ್‌ಗಳು ಯಾವತ್ತೂ ಒದಗಿರಲಿಲ್ಲ, ಆದ್ದರಿಂದ ಈಗಿರುವ ವೇಗದಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ನಿಮ್ಮ ಕರ್ನಲ್‌ನಲ್ಲಿ ಗೆಸ್ಟ್-ಮೆಮ್‌ಎಫ್‌ಡಿ ಕೊಡುವುದು 4 ಕೆಬಿ ಪೇಜ್‌ಗಳನ್ನಷ್ಟೇ. ಸಾಮಾನ್ಯ ವಿಎಂಗೆ ಹೋಲಿಸಿದರೆ ಟಿಎಲ್‌ಬಿ (ವಿಳಾಸ ಅನುವಾದಗಳನ್ನು ನೆನಪಿಡುವ ಪ್ರೊಸೆಸರ್ ಭಾಗ) ಮೇಲಿನ ಹೊರೆ ಹೆಚ್ಚೇ ಇರುತ್ತದೆ. ಅದರ ಜೊತೆಗೆ ಹೋಸ್ಟ್‌ಗೂ ಒಂದು ಬೆಲೆಯಿದೆ: ಕರ್ನಲ್‌ನ ಡೈರೆಕ್ಟ್ ಮ್ಯಾಪ್‌ನಲ್ಲಿ (ಭೌತಿಕ ಮೆಮೊರಿಯನ್ನು ಕರ್ನಲ್ ನೇರವಾಗಿ ತಲುಪುವ ನಕ್ಷೆಯಲ್ಲಿ) 2 ಎಂಬಿಯ ಒಂದು ನಮೂದಿನೊಳಗೆ ಒಂದೇ ಒಂದು 4 ಕೆಬಿ ಪೇಜ್ ಗೆಸ್ಟ್‌ನದಾಗಿದ್ದರೂ, ಉಳಿದ ಪೇಜ್‌ಗಳಿಗೆ ಹೋಸ್ಟ್ ಬರೆಯಲು ಹೋದಾಗ ಆರ್‌ಎಂಪಿ ಫಾಲ್ಟ್ ಏಳುತ್ತದೆ. ಅದನ್ನು ತಪ್ಪಿಸಲು ಕರ್ನಲ್ ಆ ನಮೂದನ್ನು 4 ಕೆಬಿಗಳಾಗಿ ಒಡೆಯುತ್ತದೆ. ಒಂದೇ ಹೋಸ್ಟ್‌ನಲ್ಲಿ ಕಾನ್ಫಿಡೆನ್ಶಿಯಲ್ ವಿಎಂಗಳನ್ನೂ ವೇಗವೇ ಮುಖ್ಯವಾದ ಬೇರೆ ಕೆಲಸಗಳನ್ನೂ ಬೆರೆಸದಿರುವುದು ಲೇಸು.

ವಿಎಂಗಳಿಗೆ ಮೆಮೊರಿ ಹಂಚುವಾಗ ಇನ್ನೊಂದು ಎಚ್ಚರ ಬೇಕು. ಖಾಸಗಿ ಪೇಜ್‌ಗಳನ್ನು ಸ್ವಾಪ್ ಮಾಡಲಾಗುವುದಿಲ್ಲ, ಸ್ಥಳಾಂತರಿಸಲಾಗುವುದಿಲ್ಲ, ಒಂದೇ ತೆರನಾದ ಪೇಜ್‌ಗಳನ್ನು ಒಂದಾಗಿಸುವ ಕೆಎಸ್‌ಎಂನಿಂದ ಒಟ್ಟುಗೂಡಿಸಲೂ ಬರುವುದಿಲ್ಲ. ಇರುವ ಮೆಮೊರಿಗಿಂತ ಹೆಚ್ಚನ್ನು ವಿಎಂಗಳಿಗೆ ವಾಗ್ದಾನ ಮಾಡುವ ನಮ್ಮ ಎಂದಿನ ರೂಢಿ ಇಲ್ಲಿ ನಡೆಯದು.

ಸಿಲಿಕಾನ್_ಸಂಜೆ

ವಿಷಯ ಮೆಮೊರಿಯ ಅಂದಾಜಿನಲ್ಲೇ ಮುಗಿಯಬಾರದೆಂದು ಇದನ್ನೂ ಬರೆಯುತ್ತಿದ್ದೇನೆ. ಮೊದಲ ಉತ್ತರದಲ್ಲಿ ಬಂದ ಪ್ರಾರಂಭದ ಅನುಕ್ರಮವೇ ದಾಳಿಗೆ ಗುರಿಯಾದದ್ದುಂಟು. ಆರ್‌ಎಂಪಿ ಎಲ್ಲ ಪೇಜ್‌ಗಳನ್ನೂ ಕಾಯುತ್ತದೆ, ತನ್ನನ್ನೂ ತಾನೇ ಕಾದುಕೊಳ್ಳುತ್ತದೆ; ಆದರೆ ಸೆಕ್ಯೂರ್ ಪ್ರೊಸೆಸರ್ ಅದನ್ನು ಸಿದ್ಧಪಡಿಸಿ ಮುಗಿಸುವವರೆಗೆ ಕಾಯುವವರು ಯಾರು? ಆ ನಡುವಿನ ಅವಧಿಯಲ್ಲಿ ರಕ್ಷಣೆ ಪೂರ್ಣವಾಗಿರಲಿಲ್ಲವೆಂದೂ, ಕೆಟ್ಟ ಹೋಸ್ಟ್ ಟೇಬಲ್‌ಗೆ 8 ಬೈಟ್‌ಗಳ ಒಂದೇ ಬರಹ ಮಾಡಿದರೂ ಗೆಸ್ಟ್‌ನ ಗೋಪ್ಯತೆ ಮುರಿಯಬಹುದೆಂದೂ ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 2025ರ ಅಕ್ಟೋಬರ್‌ನಲ್ಲಿ ‘ಆರ್‌ಎಂಪೊಕ್ಯಾಲಿಪ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದರ ಸಿವಿಇ (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿ) ಸಂಖ್ಯೆ 2025-0033. ಇದನ್ನು ಕರ್ನಲ್ ಪ್ಯಾಚ್‌ನಿಂದ ಸರಿಪಡಿಸಲು ಬಾರದು, ಏಕೆಂದರೆ ಈ ಲೆಕ್ಕಾಚಾರದಲ್ಲಿ ಹೋಸ್ಟ್ ಕರ್ನಲ್ಲೇ ಶಂಕಿತ ಪಕ್ಷ. ಪರಿಹಾರ ಫರ್ಮ್‌ವೇರ್‌ನಿಂದಲೇ ಬರಬೇಕು. ನಿಮ್ಮ ಬೋರ್ಡ್‌ನ ಬಯಾಸ್ ಅದಕ್ಕಿಂತ ಹಳೆಯದಾಗಿದ್ದರೆ ವಿಎಂಗಳನ್ನು ಬಳಕೆಗೆ ಬಿಡುವ ಮುನ್ನವೇ ಅಪ್‌ಡೇಟ್ ಮಾಡಿ.

ಅಪ್‌ಡೇಟ್ ಆಗಿದೆ ಎಂದು ಹೋಸ್ಟ್ ನಿರ್ವಾಹಕರಾದ ನೀವು ಹೇಳಿದರೆ ಗೆಸ್ಟ್‌ನ ಮಾಲೀಕರು ನಂಬಬೇಕಾಗಿಲ್ಲ. ಅವರು ಗೆಸ್ಟ್‌ನೊಳಗಿನಿಂದ ಅಟೆಸ್ಟೇಷನ್ ವರದಿಯನ್ನು (ಸೆಕ್ಯೂರ್ ಪ್ರೊಸೆಸರ್ ಸಹಿ ಮಾಡಿದ ಪ್ರಮಾಣವನ್ನು) ಪಡೆದು, ಅದರಲ್ಲಿರುವ ಟಿಸಿಬಿ ಆವೃತ್ತಿಯು (ನಂಬಬೇಕಾದ ಫರ್ಮ್‌ವೇರ್‌ನ ಆವೃತ್ತಿಯು) ಸರಿಪಡಿಸಿದ ಆವೃತ್ತಿಗಿಂತ ಕೆಳಗಿದ್ದರೆ ಡಿಸ್ಕ್‌ನ ಕೀಲಿಯನ್ನು ಬಿಡುಗಡೆ ಮಾಡಕೂಡದು. ಅದೇ ವರದಿಯಲ್ಲಿ ಮೆಮೊರಿ ವಿಳಾಸಗಳು ಒಂದರ ಮೇಲೊಂದು ಬೀಳುತ್ತಿಲ್ಲವೆಂದು ಫರ್ಮ್‌ವೇರ್ ಪರೀಕ್ಷಿಸಿದೆಯೇ ಎಂದು ಹೇಳುವ ಒಂದು ಬಿಟ್ ಕೂಡ ಇದೆ. ಮೆಮೊರಿ ಮಾಡ್ಯೂಲ್‌ನ ವಿವರಗಳನ್ನು ಹೇಳುವ ಎಸ್‌ಪಿಡಿ ಚಿಪ್ಪಿಗೆ ಸುಳ್ಳು ಗಾತ್ರ ಬರೆದು ಆರ್‌ಎಂಪಿಯನ್ನು ವಂಚಿಸಿದ 2024ರ ‘ಬ್ಯಾಡ್‌ರ‍್ಯಾಮ್’ ದಾಳಿಯ ನಂತರ ಬಂದ ಪರೀಕ್ಷೆ ಅದು. ಕೀಲಿ ಕೊಡುವ ಸರ್ವರ್‌ನ ನಿಯಮಗಳಲ್ಲಿ ಎರಡನ್ನೂ ಕಡ್ಡಾಯ ಮಾಡಲು ನಿಮ್ಮ ಗ್ರಾಹಕರಿಗೆ ಈಗಲೇ ಹೇಳಿಬಿಡಿ.