ಎಂಜಿನ್ ಬ್ಲಾಕ್ ತೊಳೆದ ಹತ್ತೇ ನಿಮಿಷಕ್ಕೆ ಬೋರ್ ತುಂಬ ತುಕ್ಕು, ತಡೆಯೋದು ಹೇಗೆ?

ಪ್ರಶ್ನೆ
ಬೀಡು ಕಬ್ಬಿಣದ ನಾಲ್ಕು ಸಿಲಿಂಡರ್ ಬ್ಲಾಕ್, ಹೋನಿಂಗ್ (ಕಲ್ಲಿನಿಂದ ಉಜ್ಜಿ ಒಳಗೋಡೆಗೆ ಸಣ್ಣ ಗೆರೆ ಮೂಡಿಸೋದು) ಆಗಿದೆ. ಸೋಪು ನೀರಲ್ಲಿ ತೊಳೆದು ಒರೆಸುವಷ್ಟರಲ್ಲಿ ಬೋರ್ (ಪಿಸ್ಟನ್ ಓಡಾಡೋ ತೂತು) ಗೋಡೆಗೆಲ್ಲ ಕಿತ್ತಳೆ ಬಣ್ಣ ಏರಿಬಿಡುತ್ತೆ. ನೀರಿನ ಸಹವಾಸವೇ ಬೇಡ ಅಂತ ಸೀಮೆಎಣ್ಣೆಯಲ್ಲೇ ತೊಳೆದರೆ ಆಗಲ್ವಾ?

ಉತ್ತರ 1
ಆಗಲ್ಲ. ಸೀಮೆಎಣ್ಣೆಗೆ ಜಿಡ್ಡು ಬಿಡುತ್ತೆ, ಹೋನಿಂಗ್ ಕಲ್ಲಿನ ಪುಡಿ ಬಿಡಲ್ಲ. ಆ ಗೆರೆಗಳಲ್ಲಿ ಉಳಿದ ಪುಡಿ ಪಿಸ್ಟನ್ ರಿಂಗ್‌ಗಳನ್ನು ತೇಯ್ದುಹಾಕುತ್ತೆ. ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್, ನೈಲಾನ್ ಬ್ರಷ್ ತಪ್ಪಿದ್ದಲ್ಲ.

ತುಕ್ಕು ಹತ್ತೋದು ಕೊನೆಯ ನೀರಿಗೂ ಎಣ್ಣೆಗೂ ನಡುವಿನ ಹೊತ್ತಲ್ಲಿ. ಎಣ್ಣೆ, ಬಟ್ಟೆ, ಗಾಳಿ ಪೈಪು ಎಲ್ಲ ಕೈಗೆ ಸಿಗೋ ಹಾಗೆ ಇಟ್ಟುಕೊಂಡೇ ನೀರು ಸುರಿಯಿರಿ. ಕೊನೆಯ ನೀರು ಕೈ ಇಡಲಾಗದಷ್ಟು ಬಿಸಿ ಇರಲಿ, ಕಾದ ಕಬ್ಬಿಣ ಬೇಗ ಆರುತ್ತೆ. ಗಾಳಿ ಹೊಡೆದ ಕೂಡಲೇ ಬೋರ್‌ಗಳಿಗೆ ಡಬ್ಲ್ಯೂಡಿ-40 ಸ್ಪ್ರೇ, ಆಮೇಲೆ ಬಿಳಿ ಬಟ್ಟೆಯಲ್ಲಿ ಎಂಜಿನ್ ಆಯಿಲ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಪುಡಿ ಇನ್ನೂ ಇದೆ ಅಂತ, ಮತ್ತೆ ಸೋಪು ನೀರಿಗೇ ಹೋಗಬೇಕು.

ಉತ್ತರ 2
ಮೇಲಿನದಕ್ಕೆ ಸೇರಿಸೋದು: ಕೊನೆಯ ನೀರಿಗೆ ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. ಕ್ಷಾರದ ನೀರಲ್ಲಿ ಕಬ್ಬಿಣ ಅಷ್ಟು ಬೇಗ ತುಕ್ಕು ಹಿಡಿಯಲ್ಲ. ಆದರೆ ಪಿಸ್ಟನ್, ಬ್ಲಾಕ್ ಮೇಲೆ ಕೂರೋ ಅಲ್ಯೂಮಿನಿಯಂ ಹೆಡ್‌ಗೆ ಈ ನೀರು ತಾಗಬಾರದು, ಕಪ್ಪಾಗಿ ಹಾಳಾಗುತ್ತೆ.

ಕಂಪ್ರೆಸರ್ ಟ್ಯಾಂಕಿನ ನೀರು ಮೊದಲೇ ಇಳಿಸಿ. ಇಲ್ಲದಿದ್ದರೆ ಒಣಗಿಸೋ ಗಾಳಿಯೇ ನೀರು ಉಗುಳುತ್ತೆ. ಆಯಿಲ್ ಗ್ಯಾಲರಿಯ (ಬ್ಲಾಕ್ ಒಳಗೆ ಎಣ್ಣೆ ಹರಿಯೋ ದಾರಿ) ಪ್ಲಗ್ ಬಿಚ್ಚಿ ಎರಡೂ ತುದಿಯಿಂದ ಗಾಳಿ ಕೊಡಿ. ತಳ ಮುಚ್ಚಿದ ಹೆಡ್ ಬೋಲ್ಟ್ ತೂತುಗಳನ್ನು ಮರೆಯೋರೇ ಹೆಚ್ಚು. ಅದರಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ, ಬೋಲ್ಟ್ ಬಿಗಿ ಮಾಡುವಾಗ ದ್ರವಕ್ಕೆ ಹೋಗೋ ದಾರಿಯಿಲ್ಲದೆ ಬ್ಲಾಕೇ ಸೀಳಬಹುದು.

ಪ್ರಶ್ನೆ ಕೇಳಿದವರು
ಸರಿ. ಡಬ್ಲ್ಯೂಡಿ-40 ಹೊಡೆದು ಒಂದು ತಿಂಗಳು ಹಾಗೇ ಇಡಬಹುದಾ? ಈಗಾಗಲೇ ಹಿಡಿದಿರೋ ತುಕ್ಕಿಗೆ ಆಸಿಡ್ ಹಾಕಲಾ?

ಉತ್ತರ 3
ಎರಡೂ ಬೇಡ. ಡಬ್ಲ್ಯೂಡಿ-40 ಕೆಲಸ ನೀರು ಹೊರತಳ್ಳೋದು. ಅದರ ಪದರ ತೀರಾ ತೆಳು, ತಿಂಗಳ ಮಾತಿಗೆ ದಪ್ಪ ಆಯಿಲ್ಲೇ ಬೇಕು. ಆಸಿಡ್ ಬೋರ್ ಮೇಲ್ಮೈಯನ್ನೇ ತಿನ್ನುತ್ತೆ, ಪೂರ್ತಿ ತೊಳೆದು ಹೋಗದಿದ್ದರೆ ಮತ್ತೆ ತುಕ್ಕು. ಮೇಲ್ಪದರದ ಕಿತ್ತಳೆ ತುಕ್ಕಾದರೆ ಎಣ್ಣೆ ಹಾಕಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿದರೆ ಸಾಕು, ಬರುತ್ತೆ. ಉಗುರಿಗೆ ಗುಳಿ ತಾಗಿದರೆ ಅದು ಮಷಿನ್ ಶಾಪ್ ಕೆಲಸ.

ಬ್ಲಾಕ್ ಪೂರ್ತಿ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರುತ್ತೆ. ಎಣ್ಣೆ ಹಚ್ಚಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತೆ. ಗ್ಯಾಸ್ಕೆಟ್ (ಹೆಡ್-ಬ್ಲಾಕ್ ನಡುವಿನ ಸೀಲ್) ಕೂರೋ ಜಾಗದ ಎಣ್ಣೆಯನ್ನು ಮಾತ್ರ ಜೋಡಿಸುವ ದಿನ ಬ್ರೇಕ್ ಕ್ಲೀನರ್‌ನಿಂದ ಒರೆಸಿ ತೆಗೀರಿ.